ಪರದೆ ಯಾರಿಗೂ ಕಾಯುತ್ತಿರಲಿಲ್ಲ: ಕಸುಬಿನ ತರಗತಿಯಲ್ಲಿ ಮಾಧ್ಯಮಗಳು ನಡೆದು ಬಂದ ದಾರಿ

ಹಗಲೆಲ್ಲ ದುಡಿದು ಸಂಜೆ ತರಗತಿಗೆ ಬಂದು ಕೂರುವ ವಯಸ್ಕರ ಗಮನ ಹಿಡಿದಿಡುವುದು ಸುಲಭದ ಮಾತಲ್ಲ. ಕಲಿಯಲು ಬಂದದ್ದು ವೆಲ್ಡಿಂಗ್ ಇರಲಿ, ವೈರಿಂಗ್ ಇರಲಿ, ರೋಗಿಗಳ ಆರೈಕೆ ಇರಲಿ, ಅವರಿಗೆ ದಣಿವಿದೆ, ಹೊತ್ತಿಲ್ಲ, ‘ಇದು ನಾಳೆ ನನ್ನ ಕೆಲಸಕ್ಕೆ ಬರುತ್ತದೆಯೇ’ ಎಂಬ ಲೆಕ್ಕಾಚಾರ ತಲೆಯಲ್ಲಿ ಓಡುತ್ತಲೇ ಇರುತ್ತದೆ. ತರಗತಿ ತೂಕಡಿಸಿದಾಗ ಬೋಧಕರಿಗೆ ಮೊದಲು ಹೊಳೆಯುವುದು ಹೊಸ ಉಪಕರಣ. ವಿಡಿಯೊ ಹಾಕೋಣ, ಸ್ಲೈಡಿಗೆ ಬಣ್ಣ ತುಂಬೋಣ, ಫೋನಿನಲ್ಲಿ ಕ್ವಿಜ್ ಮಾಡಿಸೋಣ, ದುಡ್ಡಿದ್ದರೆ ಕಣ್ಣೆದುರು ಕೃತಕ ದೃಶ್ಯಲೋಕ ತೋರಿಸುವ ವಿಆರ್ ಕನ್ನಡಕ ತರಿಸೋಣ. ಇದೇನು ಇಂದು ನಿನ್ನೆಯ ಹುಡುಕಾಟವಲ್ಲ.

ಫ್ರಾನ್ಸಿನಲ್ಲಿ 1751ರಿಂದ ಹೊರಬರತೊಡಗಿದ, ತತ್ತ್ವಜ್ಞಾನಿ ದಿದೆರೊ ಸಂಪಾದಕತ್ವದ ವಿಶ್ವಕೋಶಕ್ಕೆ ಮುಂದೆ 11 ಸಂಪುಟಗಳಷ್ಟು ಚಿತ್ರಫಲಕಗಳು ಸೇರಿದವು. ಅದರಲ್ಲಿ ಕಸುಬುಗಳಿಗೆ ದೊಡ್ಡ ಪಾಲು. ಸಾಮಾನ್ಯವಾಗಿ ಫಲಕದ ಮೇಲ್ಭಾಗದಲ್ಲಿ ಕೆಲಸ ನಡೆಯುತ್ತಿರುವ ಕಾರ್ಯಾಗಾರ, ಕೆಳಭಾಗದಲ್ಲಿ ಅದೇ ಕಸುಬಿನ ಉಪಕರಣಗಳು ಒಂದೊಂದಾಗಿ ಬಿಡಿಬಿಡಿಯಾಗಿ. ಇಡೀ ಕೆಲಸವನ್ನು ಮೊದಲು ತೋರಿಸಿ, ಆಮೇಲೆ ಬಿಡಿಭಾಗಕ್ಕೆ ಹೋಗುವ ಈ ಜೋಡಣೆ ಇವತ್ತಿನ ಒಳ್ಳೆಯ ತರಬೇತಿ ವಿಡಿಯೊಗಳಲ್ಲೂ ಇದೆ. ಆದರೆ ಆ ಪುಸ್ತಕ ನೋಡಿ ಕಸುಬಿನ ಬಗ್ಗೆ ತಿಳಿದುಕೊಳ್ಳಬಹುದಿತ್ತೇ ಹೊರತು ಕೈಗೆ ಕಸುಬು ಹತ್ತುತ್ತಿರಲಿಲ್ಲ. ಅದರ ಬೆಲೆಯೂ ಕಮ್ಮಾರ, ಬಡಗಿಗಳ ಕೈಗೆಟುಕುವಂಥದ್ದಾಗಿರಲಿಲ್ಲ.

ಕೈಗೆ ಹತ್ತಿಸುವ ಯೋಚನೆ ಮಾಡಿದ್ದು ಮಾಸ್ಕೋದ ಇಂಪೀರಿಯಲ್ ತಾಂತ್ರಿಕ ಶಾಲೆಯ ವಿಕ್ಟರ್ ಡೆಲ್ಲಾ-ವೋಸ್. ಗುರುವಿನ ಪಕ್ಕ ವರ್ಷಗಟ್ಟಲೆ ನಿಂತು ನೋಡಿ ಕಲಿಯುವ ಪದ್ಧತಿ ಬಿಟ್ಟು, 1868ರ ಹೊತ್ತಿಗೆ ಅವರು ಮರಗೆಲಸ, ಕಮ್ಮಾರಿಕೆ, ಲೇತ್ (ತಿರುಗಿಸಿ ಕಡೆಯುವ ಯಂತ್ರ) ಕೆಲಸಗಳನ್ನು ಸಣ್ಣ ಸಣ್ಣ ಅಭ್ಯಾಸಗಳಾಗಿ ಒಡೆದು, ಸುಲಭದಿಂದ ಕಷ್ಟಕ್ಕೆ ಜೋಡಿಸಿದರು. ಪ್ರತಿ ಹಂತಕ್ಕೂ ಒಂದು ನಕ್ಷೆ, ಒಂದು ಮಾದರಿ. 1876ರಲ್ಲಿ ಫಿಲಡೆಲ್ಫಿಯಾದ ಜಾಗತಿಕ ಪ್ರದರ್ಶನದಲ್ಲಿ ಈ ಮಾದರಿಗಳ ಸಾಲು ಕಂಡ ಅಮೆರಿಕದ ಶಿಕ್ಷಣತಜ್ಞರು ತಮ್ಮಲ್ಲೂ ಅದನ್ನು ಅಳವಡಿಸಿದರು. ಕಲಿಯುವವರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ತಮ್ಮದರ ಪಕ್ಕ ಇಟ್ಟು ಹೋಲಿಸಬಹುದಾದ ಮರದ ತುಂಡೂ ಮಾಧ್ಯಮವೇ. ನಮ್ಮ ಪಟ್ಟಿಗಳಲ್ಲಿ ಅದರ ಹೆಸರು ಬರುವುದಿಲ್ಲ, ಯಾಕೆಂದರೆ ಅದಕ್ಕೆ ಪ್ಲಗ್ ಇಲ್ಲ.

ಸಿನಿಮಾ ಬಂದಾಗ ಉತ್ಸಾಹ ಮೇರೆ ಮೀರಿತು. ಥಾಮಸ್ ಎಡಿಸನ್ 1913ರಲ್ಲಿ, ಶಾಲೆಗಳಲ್ಲಿ ಪುಸ್ತಕದ ಕಾಲ ಮುಗಿಯಲಿದೆ, ಹತ್ತು ವರ್ಷದಲ್ಲಿ ಎಲ್ಲವೂ ಬದಲಾಗಲಿದೆ ಎಂದು ಭವಿಷ್ಯ ನುಡಿದರು. ಹಾಗೇನೂ ಆಗಲಿಲ್ಲ. ಆದರೆ ಎರಡನೆಯ ಮಹಾಯುದ್ಧ ಬಂದು, ಯಂತ್ರ ಮುಟ್ಟಿಯೇ ಗೊತ್ತಿಲ್ಲದ ಲಕ್ಷಾಂತರ ವಯಸ್ಕರನ್ನು ಕಾರ್ಖಾನೆ, ಹಡಗುಕಟ್ಟೆಗಳಿಗೆ ತಯಾರು ಮಾಡಬೇಕಾದಾಗ ಚಲನಚಿತ್ರಕ್ಕೆ ನಿಜವಾದ ಕೆಲಸ ಸಿಕ್ಕಿತು. ಅಮೆರಿಕದ ಶಿಕ್ಷಣ ಕಚೇರಿಯಡಿ ಇದಕ್ಕೆಂದೇ ಒಂದು ವಿಭಾಗ ಹುಟ್ಟಿ 457 ತರಬೇತಿ ಚಿತ್ರಗಳನ್ನು ಮಾಡಿತು. ಸಂಖ್ಯೆಗಿಂತ ಅವುಗಳನ್ನು ಕೊಟ್ಟ ರೀತಿ ಗಮನಾರ್ಹ. ಚಿತ್ರದ ಜೊತೆ ಬೋಧಕರಿಗೊಂದು ಕೈಪಿಡಿ, ಬಹುಪಾಲಿಗೆ ಒಂದು ಫಿಲ್ಮ್‌ಸ್ಟ್ರಿಪ್ ಕೂಡ. ಚಲನಚಿತ್ರ ಓಡಿ ಮುಗಿದ ಮೇಲೆ, ಬಿಡಿ ಚಿತ್ರಗಳ ಆ ಸುರುಳಿಯನ್ನು ಒಂದೊಂದು ಚೌಕಟ್ಟಿನಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬಹುದಿತ್ತು. ಚಿತ್ರ ಹಾಕಿ ಬೋಧಕರು ಹೊರಗೆ ಹೋಗಿಬಿಟ್ಟರೆ ಕಲಿಕೆ ಆಗುವುದಿಲ್ಲ ಎಂಬುದು ಆಗಲೇ ಗೊತ್ತಿತ್ತು ಎಂದಾಯಿತು.

ಸೇನೆಗಾಗಿ ನಡೆದ ಸಂಶೋಧನೆ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಮನಶ್ಶಾಸ್ತ್ರಜ್ಞ ಕಾರ್ಲ್ ಹೋವ್‌ಲ್ಯಾಂಡ್ ಮತ್ತು ಸಂಗಡಿಗರು 1949ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು, ಸಂದೇಶ ಕಳಿಸುವಾಗ ಅಕ್ಷರಗಳಿಗೆ ಬಳಸುವ ಸಂಕೇತಪದಗಳನ್ನು ಕಲಿಸುವುದರ ಕುರಿತದ್ದು. ಸುಮ್ಮನೆ ನೋಡಿದ ಸೈನಿಕರಿಗಿಂತ, ನಡುನಡುವೆ ಉತ್ತರವನ್ನು ಗಟ್ಟಿಯಾಗಿ ಕೂಗಿದವರು ಹೆಚ್ಚು ಕಲಿತರು. ಕಲಿಯುವ ಹುಮ್ಮಸ್ಸು ಕಡಿಮೆ ಇದ್ದವರಿಗೆ ಇದರಿಂದ ಆದ ಲಾಭ ಇನ್ನೂ ದೊಡ್ಡದು. ಅಂದರೆ ಯಾರು ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತಿರುತ್ತಾರೋ ಅವರಿಗೇ.

ಅದೇ ವರ್ಷದ ಇನ್ನೊಂದು ಅಧ್ಯಯನ ನನಗೆ ಇಡೀ ಕಥೆಯಲ್ಲಿ ಅಚ್ಚುಮೆಚ್ಚಿನದು. ಅಮೆರಿಕದ ನೌಕಾಪಡೆಗಾಗಿ ರೋಶಲ್ ಎಂಬ ಸಂಶೋಧಕರು ಹಗ್ಗದ ಗಂಟು ಹಾಕುವುದನ್ನು ಚಿತ್ರದ ಮೂಲಕ ಕಲಿಸಿ ನೋಡಿದರು. ಕ್ಯಾಮೆರಾ ಎದುರಿನಿಂದ ನೋಡಿದಾಗ ನೋಡುಗರಿಗೆ ಎಡಗೈ ಬಲಕ್ಕೆ, ಬಲಗೈ ಎಡಕ್ಕೆ. ಗಂಟು ಹಾಕುವವರ ಕಣ್ಣಿನ ಜಾಗದಿಂದಲೇ ಚಿತ್ರೀಕರಿಸಿದಾಗ ಕಲಿಕೆ ಉತ್ತಮವಾಯಿತು. ಸ್ಥಿರ ಚಿತ್ರಗಳಿಗಿಂತ ಚಲನೆ ಮೇಲಾಯಿತು. ಆದರೆ ಚಿತ್ರ ಓಡುತ್ತಿರುವಾಗಲೇ ಕೈಯಲ್ಲಿ ಹಗ್ಗ ಹಿಡಿದು ಜೊತೆಜೊತೆಗೆ ಗಂಟು ಹಾಕಿದವರಿಗೆ ವಿಶೇಷ ಪ್ರಯೋಜನ ಆಗಲಿಲ್ಲ. ಬೆರಳು ಎರಡನೆಯ ಸುತ್ತಿನಲ್ಲಿ ಸಿಕ್ಕಿಕೊಂಡಿರುವಾಗ ಪರದೆ ನಾಲ್ಕನೆಯ ಸುತ್ತಿಗೆ ಹೋಗಿರುತ್ತದೆ. ಪರದೆ ಯಾರಿಗೂ ಕಾಯುತ್ತಿರಲಿಲ್ಲ.

ಕಾಯುವ ಪರದೆ ಬರಲು ಬಹಳ ಹೊತ್ತು ಹಿಡಿಯಿತು. 1960ರ ದಶಕದಲ್ಲಿ ಡಬ್ಬಿಯೊಳಗೆ ಸುತ್ತಿಟ್ಟ ಎಂಟು ಮಿಲಿಮೀಟರ್ ಫಿಲ್ಮ್ ಕುಣಿಕೆಗಳು ಬಂದವು. ಕೆಲವೇ ನಿಮಿಷದ, ಒಂದೇ ವಿಷಯದ, ಮಾತಿಲ್ಲದ ತುಣುಕು. ಯಂತ್ರಕ್ಕೆ ಸಿಕ್ಕಿಸಿದರೆ ಮುಗಿದ ಕೂಡಲೇ ಮತ್ತೆ ಮೊದಲಿಂದ. ಈಗ ಫೋನಿನಲ್ಲಿ ಉಜ್ಜಿ ಉಜ್ಜಿ ನೋಡುವ ಕಿರುವಿಡಿಯೊಗಳ ಮುತ್ತಜ್ಜ ಅದು. ಆಮೇಲೆ ವಿಡಿಯೊ ಕ್ಯಾಸೆಟ್, ಅದನ್ನು ನಡುವೆ ನಿಲ್ಲಿಸುವ ಪಾಜ್ ಗುಂಡಿ, ಕೊನೆಗೆ ಕಂಪ್ಯೂಟರ್. 2004ರಲ್ಲಿ ಶ್ವಾನ್ ಮತ್ತು ರೀಂಪ್ ಎಂಬ ಸಂಶೋಧಕರು ಮತ್ತೆ ನಾವಿಕರ ಗಂಟುಗಳನ್ನೇ ಹಿಡಿದರು. ವಿಡಿಯೊವನ್ನು ನಿಲ್ಲಿಸುವ, ಹಿಂದಕ್ಕೆ ಒಯ್ಯುವ, ನಿಧಾನ ಮಾಡುವ ಅಧಿಕಾರ ಕೊಟ್ಟಾಗ ಜನ ಕಡಿಮೆ ಸಮಯದಲ್ಲಿ ಗಂಟು ಕಲಿತರು. ಕಷ್ಟದ ಕಡೆ ನಿಂತರು, ಸುಲಭದ ಕಡೆ ದಾಟಿದರು, ಅಷ್ಟೇ. 2017ರಲ್ಲಿ ಫಿಯೊರೆಲ್ಲಾ ಮತ್ತಿತರರು ವಿದ್ಯುತ್ ಸರ್ಕ್ಯೂಟ್ ಜೋಡಿಸುವ ಕೆಲಸದಲ್ಲಿ ಕ್ಯಾಮೆರಾ ಕೋನವನ್ನು ಪರೀಕ್ಷಿಸಿದಾಗಲೂ, ಮಾಡುವವರ ಕಣ್ಣಿನಿಂದ ತೆಗೆದ ವಿಡಿಯೊವೇ ಗೆದ್ದಿತು. ಇಷ್ಟಾದರೂ ಎಷ್ಟೋ ತರಬೇತಿ ವಿಡಿಯೊಗಳಲ್ಲಿ ಬೋಧಕರ ಮುಖ ಪರದೆ ತುಂಬಿರುತ್ತದೆ, ಕೈ ಮೂಲೆಯಲ್ಲೆಲ್ಲೋ ಇರುತ್ತದೆ.

ಇಷ್ಟರಲ್ಲಿ ವಯಸ್ಕರ ಕಲಿಕೆ ಮಕ್ಕಳ ಕಲಿಕೆಯಂತಲ್ಲ ಎಂಬ ವಾದವೂ ಬೇರೂರಿತ್ತು. ಅಮೆರಿಕದ ಶಿಕ್ಷಣ ಚಿಂತಕ ಎಡ್ವರ್ಡ್ ಲಿಂಡ್‌ಮನ್ 1926ರಲ್ಲೇ ವಯಸ್ಕರ ಅನುಭವವೇ ಅವರ ಪಠ್ಯ ಎಂಬ ಅರ್ಥದ ಮಾತು ಬರೆದಿದ್ದರು. 1970ರ ಹೊತ್ತಿಗೆ ಮಾಲ್ಕಮ್ ನೋಲ್ಸ್ ಅದನ್ನು ಜನಪ್ರಿಯಗೊಳಿಸಿದರು. ವಯಸ್ಕರಿಗೆ ಯಾಕೆ ಕಲಿಯಬೇಕು ಎಂದು ಮೊದಲು ತಿಳಿಯಬೇಕು, ಎದುರಿಗಿರುವ ಸಮಸ್ಯೆಗೆ ಉಪಯೋಗ ಕಾಣಬೇಕು, ತಮ್ಮ ಕಲಿಕೆಯ ಲಗಾಮು ತಮ್ಮ ಕೈಯಲ್ಲಿರಬೇಕು. ನೋಲ್ಸ್ ಮಾತನ್ನು ಶಾಸ್ತ್ರವೆಂದು ಒಪ್ಪದವರೂ ಇದ್ದಾರೆ. ಮಕ್ಕಳೂ ಹಾಗೇ ಅಲ್ಲವೇ ಎಂಬ ಅವರ ತಕರಾರು ನ್ಯಾಯವಾದದ್ದೇ. ಆದರೂ ಮೇಲಿನ ಗಂಟಿನ ಪ್ರಯೋಗಗಳ ಪಕ್ಕ ಇಟ್ಟು ನೋಡಿದರೆ, ಪಾಜ್ ಗುಂಡಿ ಯಾಕೆ ಮುಖ್ಯ ಎಂಬುದು ಅರ್ಥವಾಗುತ್ತದೆ.

ಇಲ್ಲಿ ಚಾಲ್ತಿಯಲ್ಲಿರುವ ಒಂದು ಸುಳ್ಳಿನ ಬಗ್ಗೆಯೂ ಹೇಳಿ ಮುಂದೆ ಹೋಗಬೇಕು. ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ಮಾಡಿದ್ದರಲ್ಲಿ ಶೇ 90 ನೆನಪಿರುತ್ತದೆ ಎಂಬ ತ್ರಿಕೋನವನ್ನು ತರಬೇತುದಾರರು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಹೆಸರಿನಲ್ಲಿ ತೋರಿಸುತ್ತಾರೆ. ಡೇಲ್ 1946ರಲ್ಲಿ ನೇರ ಅನುಭವದಿಂದ ಅಮೂರ್ತದವರೆಗೆ ಕಲಿಕೆಯ ಅನುಭವಗಳನ್ನು ಜೋಡಿಸಿದ ‘ಅನುಭವದ ಶಂಕು’ವನ್ನು ಬರೆದದ್ದು ನಿಜ. ಅದರಲ್ಲಿ ಶೇಕಡಾವಾರು ಇರಲೇ ಇಲ್ಲ. ಅಂಕಿಗಳನ್ನು ಆಮೇಲೆ ಯಾರೋ ತುರುಕಿದ್ದು, ಅವುಗಳ ಹಿಂದೆ ಯಾವ ಅಧ್ಯಯನವೂ ಇಲ್ಲ.

ಮಾಧ್ಯಮವೇ ಕಲಿಸುತ್ತದೆ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1983ರಲ್ಲಿ. ಪೌಷ್ಟಿಕತೆ ಬರುವುದು ದಿನಸಿಯಿಂದ, ಅದನ್ನು ತಂದ ಲಾರಿಯಿಂದಲ್ಲ, ಮಾಧ್ಯಮವೂ ಬರೀ ಲಾರಿ ಎಂದರು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್. ರಾಬರ್ಟ್ ಕೋಜ್ಮಾ 1990ರ ದಶಕದಲ್ಲಿ ಇದಕ್ಕೆ ಎದುರಾಡಿದರು. ಕೆಲವು ವಿಷಯವನ್ನು ಕೆಲವು ಮಾಧ್ಯಮ ಮಾತ್ರ ತೋರಿಸಬಲ್ಲದು ಎಂಬುದು ಅವರ ವಾದ. ಕಸುಬಿನ ತರಗತಿಯ ಮಟ್ಟಿಗೆ ನಾನು ಕೋಜ್ಮಾ ಪಕ್ಷ. ವೆಲ್ಡಿಂಗ್‌ನಲ್ಲಿ ಕರಗಿದ ಲೋಹದ ಕೆರೆ ಬೆರಳ ತುದಿಯಷ್ಟು. ಮುಖಕವಚ ಹಾಕಿ ಸುತ್ತ ನಿಂತ ಹದಿನೈದು ಜನರಲ್ಲಿ ಇಬ್ಬರಿಗೆ ಕಂಡರೆ ಹೆಚ್ಚು. ಗಾಢ ಫಿಲ್ಟರ್ ಹಾಕಿ ಹತ್ತಿರದಿಂದ ತೆಗೆದ ವಿಡಿಯೊದಲ್ಲಿ ಆ ಕೆರೆಯ ಅಂಚು ಹಿಗ್ಗುವುದು, ಕೈ ಅವಸರ ಮಾಡಿದಾಗ ಕಿರಿದಾಗುವುದು ಎಲ್ಲರಿಗೂ ಕಾಣುತ್ತದೆ. ಅದೇ ಮೈಕ್ರೋಮೀಟರ್ ಎಂಬ ಸೂಕ್ಷ್ಮ ಅಳತೆಯ ಉಪಕರಣ ಓದುವುದಕ್ಕೆ ವಿಡಿಯೊ ದಂಡ. ಕರಿಹಲಗೆಯ ಮೇಲೆ ಅದರ ತಿರುಗದ ಕೊಳವೆಯ (ಸ್ಲೀವ್) ಗೆರೆ, ಆಮೇಲೆ ಅರ್ಧ ಮಿಲಿಮೀಟರಿನ ಗೆರೆ, ಆಮೇಲೆ ತಿರುಗುವ ಭಾಗದ ಗೆರೆ ಎಂದು ಒಂದೊಂದಾಗಿ ಎಳೆಯುತ್ತ, ಪ್ರತಿ ಗೆರೆಗೂ ‘ಈಗ ಎಷ್ಟು?’ ಎಂದು ಕೇಳಿದರೆ ಸಾಕು. ಸೀಮೆಸುಣ್ಣದ ವೇಗ ಮನುಷ್ಯನ ವೇಗ.

ಆ ವೇಗವನ್ನು ಕೆಡಿಸಿದ್ದು ಸ್ಲೈಡ್. ಪವರ್‌ಪಾಯಿಂಟ್ 1987ರಲ್ಲಿ ಬಂದಾಗ ಅದರ ಗಿರಾಕಿಗಳು ಸಭೆಗಳಲ್ಲಿ ಮಾತಾಡುವವರು, ಲೇತ್ ಕಲಿಸುವವರಲ್ಲ. ಬೋಧಕರು ಪರದೆಯ ಮೇಲಿನ ಸಾಲನ್ನೇ ಓದಿದರೆ ಕಲಿಕೆಗೆ ಅಡ್ಡಿ ಎಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಸಂಗಡಿಗರ ಪ್ರಯೋಗಗಳು ಪದೇ ಪದೇ ತೋರಿಸಿವೆ. ಗಮನ ಸೆಳೆಯಲೆಂದು ತುರುಕಿದ ಸ್ವಾರಸ್ಯಕರ ಆದರೆ ಅಪ್ರಸ್ತುತ ಚಿತ್ರಗಳೂ ಅಷ್ಟೇ: ಗಮನವನ್ನು ಸೆಳೆಯುತ್ತವೆ, ಪಾಠದಿಂದ ಆಚೆಗೆ.

ನಿಜವಾದ ಕೆಲಸವನ್ನು ಅನುಕರಿಸುವ ಇತ್ತೀಚಿನ ವೆಲ್ಡಿಂಗ್ ಸಿಮ್ಯುಲೇಟರುಗಳೂ ವಿಆರ್ ಕನ್ನಡಕಗಳೂ 1929ರಲ್ಲಿ ಎಡ್ವಿನ್ ಲಿಂಕ್ ಪೈಲಟ್‌ಗಳ ತರಬೇತಿಗೆಂದು ಮಾಡಿದ, ನೆಲ ಬಿಡದ ವಿಮಾನದ ವಂಶದವು. ತಪ್ಪು ಮಾಡಿದರೆ ಪ್ರಾಣಕ್ಕೆ ಕುತ್ತು ಅಥವಾ ಸಾಮಗ್ರಿ ದುಬಾರಿ ಎನ್ನುವ ಕಡೆ ಅವಕ್ಕೆ ಬೆಲೆ ಇದೆ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಲು ಸ್ಪ್ಯಾನರ್ ಅಗ್ಗ.

ಇನ್ನೊಂದು ಗಂಟು ಉಳಿದಿದೆ, ಅದು ವಯಸ್ಕರ ತರಗತಿಗೇ ವಿಶೇಷವಾದದ್ದು. ಒಂದೇ ಬೆಂಚಿನಲ್ಲಿ ನಿನ್ನೆ ಸೇರಿದವರೂ ಹತ್ತು ವರ್ಷ ಪಳಗಿದವರೂ ಕೂತಿರುತ್ತಾರೆ. ಹೊಸಬರಿಗೆ ನೆರವಾಗುವ ಹೆಜ್ಜೆಹೆಜ್ಜೆಯ ವಿವರಣೆ ಬಲ್ಲವರ ಕಲಿಕೆಗೆ ತೊಡಕಾಗುತ್ತದೆ ಎಂಬುದನ್ನು ಸ್ಲಾವಾ ಕಲ್ಯೂಗಾ, ಜಾನ್ ಸ್ವೆಲ್ಲರ್ ಮೊದಲಾದ ಸಂಶೋಧಕರು 2003ರಲ್ಲಿ ವಿವರಿಸಿದರು. ಪಳಗಿದವರಿಗೆ ಅದೇ ವಿಡಿಯೊ ತೋರಿಸುವ ಬದಲು, ಕೆಟ್ಟು ನಿಂತ ಒಂದು ಮೋಟರ್ ಅಥವಾ ಬಿರುಕು ಬಿಟ್ಟ ಒಂದು ಬೆಸುಗೆಯ ತುಂಡನ್ನು ಮೇಜಿನ ಮೇಲಿಟ್ಟು, ಎಲ್ಲಿ ತಪ್ಪಾಗಿದೆ ಎಂದು ಪಕ್ಕದ ಹೊಸಬರಿಗೆ ವಿವರಿಸಿ ಎಂದರೆ ಇಬ್ಬರಿಗೂ ಕೆಲಸ ಸಿಗುತ್ತದೆ.