ವೈಫೈಯೂ ಇರಲಿ, ಸಿಮ್ಮೂ ಇರಲಿ

ಮಣಿಪಾಲದ ಹಾಸ್ಟೆಲಿನ ವೈಫೈಯಲ್ಲಿ ವಿಡಿಯೋ ಅಪ್‌ಲೋಡಿಗೆ ಹಾಕಿ ಟೈಗರ್ ಸರ್ಕಲ್ಲಿಗೆ ಚಾ ಕುಡಿಯಲು ಹೊರಟರೆ, ಗೇಟು ದಾಟುವಷ್ಟರಲ್ಲಿ ಅಪ್‌ಲೋಡ್ ನಿಂತುಬಿಡಬಹುದು. ಸಿಮ್ಮಿನಲ್ಲಿ ಡೇಟಾ ಉಂಟು, ಸಿಗ್ನಲ್ಲೂ ಉಂಟು. ಆದರೂ ಯಾಕೆ?

ಇಂಟರ್ನೆಟ್ಟಿನಲ್ಲಿ ಕಡತಗಳನ್ನು ತುಂಡು ಮಾಡಿ ಸಾಗಿಸುವ ಟಿಸಿಪಿ ಎಂಬ ವ್ಯವಸ್ಥೆಯ ನಿಯಮಗಳು 1981ರ ಹೊತ್ತಿನವು. ಆಗ ಕಂಪ್ಯೂಟರುಗಳು ಇಟ್ಟಲ್ಲೇ ಇರುತ್ತಿದ್ದವು. ಎರಡೂ ತುದಿಗಳ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಸಾಧನದ ವಿಳಾಸ), ಪೋರ್ಟ್ ಸಂಖ್ಯೆ (ಆ ಸಾಧನದೊಳಗೆ ಯಾವ ಆ್ಯಪಿಗೆ ಎಂಬ ಗುರುತು) ನೋಡಿಯೇ ಟಿಸಿಪಿ ಒಂದು ಸಂಪರ್ಕವನ್ನು ಗುರುತು ಹಿಡಿಯುತ್ತದೆ. ವೈಫೈ ಹೋಗಿ ಸಿಮ್ ಬಂದರೆ ಐಪಿ ಬದಲಾಗುತ್ತದೆ. ಸರ್ವರಿನ ಕಣ್ಣಿಗೆ ನೀವು ಬೇರೆಯೇ ಯಾರೋ.

ಇದಕ್ಕೆ ಮಾಡಿದ ಮದ್ದು ಮಲ್ಟಿಪಾತ್ ಟಿಸಿಪಿ. ಇದರಲ್ಲಿ ಫೋನು ವೈಫೈ, ಸಿಮ್ ಎರಡರ ಮೂಲಕವೂ ಸರ್ವರನ್ನು ತಲುಪಿ, ‘ಈ ದಾರಿಯೂ ಅದೇ ಸಂಪರ್ಕದ್ದು’ ಎಂದು ಒಂದು ಟೋಕನ್ ತೋರಿಸುತ್ತದೆ. ಒಂದು ದಾರಿ ಕಡಿದರೆ ಉಳಿದದ್ದು ಇನ್ನೊಂದರಲ್ಲಿ ಹೋಗುತ್ತದೆ. 2013ರಲ್ಲಿ ಇದರ ಪ್ರಾಯೋಗಿಕ ನಿಯಮಾವಳಿ ಬಂತು. ಅದೇ ವರ್ಷ ಆಪಲ್ ತನ್ನ ಧ್ವನಿ ಸಹಾಯಕ ಸಿರಿಗೆ ಬಳಸಿಕೊಂಡಿತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಮುಖ್ಯ ಕರ್ನೆಲ್ಲಿಗೆ ಸೇರಿದ್ದು 2020ರಲ್ಲಿ. ಸರ್ವರಿಗೆ ಈ ವಿದ್ಯೆ ಗೊತ್ತಿಲ್ಲದಿದ್ದರೆ ಸಂಪರ್ಕ ಮಾಮೂಲಿ ಟಿಸಿಪಿಯಾಗಿಯೇ ನಡೆಯುತ್ತದೆ.

ಹಾಗಾದರೆ ಒಂದು ದಾರಿಯ 20 ಎಂಬಿಪಿಎಸ್ ವೇಗಕ್ಕೆ ಇನ್ನೊಂದರ 5 ಸೇರಿಸಿದರೆ 25 ಸಿಗುತ್ತದಾ? ಲೆಕ್ಕಕ್ಕೆ ಹೌದು, ಅನುಭವಕ್ಕೆ ಹಲವು ಸಲ ಇಲ್ಲ. ಉಡುಪಿಯಿಂದ ಮಂಗಳೂರಿಗೆ ದಿಬ್ಬಣದ ಎರಡು ಬಸ್ಸು ಹೊರಟವು ಅನ್ನಿ. ಒಂದು ಪಡುಬಿದ್ರಿ, ಸುರತ್ಕಲ್ ಮೇಲೆ. ಇನ್ನೊಂದು ಕಾರ್ಕಳ, ಮೂಡುಬಿದಿರೆ ಸುತ್ತಿ. ಮದುಮಗ ಎರಡನೆಯದರಲ್ಲಿದ್ದರೆ ಮೊದಲ ಬಸ್ಸಿನವರು ಬೇಗ ಬಂದು ಪ್ರಯೋಜನವೇನು? ಟಿಸಿಪಿಯೂ ತುಂಡುಗಳನ್ನು ಕ್ರಮಸಂಖ್ಯೆ ತಪ್ಪದಂತೆಯೇ ಆ್ಯಪಿಗೆ ಒಪ್ಪಿಸಬೇಕು. ನಿಧಾನದ ದಾರಿಯಲ್ಲಿ ಒಂದು ತುಂಡು ಸಿಕ್ಕಿಬಿದ್ದರೆ ವೇಗದ ದಾರಿಯಲ್ಲಿ ಬಂದವೆಲ್ಲ ಕಾದು ಕೂರುತ್ತವೆ. ಆದ್ದರಿಂದ ಯಾವ ತುಂಡು ಯಾವ ದಾರಿಗೆ ಎಂದು ಹಂಚುವ ಶೆಡ್ಯೂಲರಿನ ಮೇಲೆಯೇ ಎಲ್ಲ ನಿಂತಿದೆ. ಸಾಮಾನ್ಯವಾಗಿ ಅದು ವಿಳಂಬ ಕಡಿಮೆ ಇರುವ ದಾರಿಯನ್ನು ಮೊದಲು ತುಂಬಿಸುತ್ತದೆ; ನಿಧಾನದ ದಾರಿಯಲ್ಲಿ ಸಿಕ್ಕಿಬಿದ್ದ ತುಂಡಿನ ಪ್ರತಿಯನ್ನು ಈ ವೇಗದ ದಾರಿಯಲ್ಲಿ ಮತ್ತೆ ಕಳಿಸುವುದೂ ಉಂಟು. ನನ್ನನ್ನು ಕೇಳಿದರೆ, ಇದರ ನಿಜವಾದ ಲಾಭ ವೇಗವಲ್ಲ, ಸಂಪರ್ಕ ಕಡಿಯದಿರುವುದು. ಫೋನಿನ ವೈಫೈ, ಸಿಮ್ ಎರಡರ ರೇಡಿಯೋವೂ ಎಚ್ಚರವಿರುವುದರಿಂದ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಅದು ಬೇರೆ ಮಾತು.

ಎರಡು ಕಂಪನಿಯ ಸಿಮ್ಮುಗಳನ್ನೇ ಜೋಡಿಸುವ ರೌಟರುಗಳೂ ಇವೆ. ಆದರೆ ಎರಡೂ ಕಂಪನಿಗಳ ಆ್ಯಂಟೆನಾ ಒಂದೇ ಟವರಿನಲ್ಲಿರುವುದು ನಮ್ಮಲ್ಲಿ ಮಾಮೂಲು. ಆಟಿ ತಿಂಗಳ (ತುಳುವಿನ ಆಷಾಢ) ಮಳೆಗೆ ಕರೆಂಟು ಹೋಗಿ ಆ ಟವರಿನ ಬ್ಯಾಟರಿಯೂ ಮುಗಿದರೆ ಎರಡು ಸಿಮ್ಮೂ ಒಟ್ಟಿಗೇ ಸತ್ತವು. ಮನೆಗೆ ಕೇಬಲಿನಲ್ಲಿ ಬರುವ ಇಂಟರ್ನೆಟ್ ಇದ್ದರೆ, ಅದರ ಜೊತೆಗೆ ಒಂದು ಸಿಮ್ ಸೇರಿಸುವುದೇ ಮೇಲು.