ಹೊಸಬರು ಮೊದಲು ಯಾವ ರೂಟ್ ಹಾಕಬೇಕು? ‘ಸಪಾಟ ಇರೋದು’ ಅನ್ನೋ ಮಾತು ಬಿಟ್ಟು ಶುರು ಮಾಡೋಣ

ಪ್ರಶ್ನೆ: ‘ಸರ್, ಹೊಸದಾಗಿ ಸ್ಮಾರ್ಟ್ ಟ್ರೇನರ್ ತಗೊಂಡೀನ್ರಿ. ಝ್ವಿಫ್ಟ್ ಒಳಗ ರಗಡ ರೂಟ್ ಅದಾವು. ಮೊದಲ ಯಾವುದು ಹಾಕ್ಲಿ? ಸಪಾಟ ಇರೋದು ಒಂದು ಹೇಳಿಬಿಡ್ರಿ.’

ಸ್ಮಾರ್ಟ್ ಟ್ರೇನರ್ ಅಂದ್ರೆ ಮನೆಯೊಳಗೇ ಸೈಕಲ್ ನಿಲ್ಲಿಸಿ ತುಳಿಯುವ, ಪರದೆಯ ಏರಿಗೆ ತಕ್ಕಂತೆ ತಾನೇ ಬಿಗಿಯಾಗುವ ಯಂತ್ರ. ಝ್ವಿಫ್ಟ್ ಅಂದ್ರೆ ಆ ತುಳಿತಕ್ಕೆ ತಕ್ಕಂತೆ ನಿಮ್ಮನ್ನು ಪರದೆಯ ರಸ್ತೆಯಲ್ಲಿ ಓಡಿಸುವ ಆ್ಯಪ್. ಈ ಪ್ರಶ್ನೆ ಏಪ್ರಿಲ್‌ನಲ್ಲಿ ವಿಜಯಪುರದಿಂದ ಶುರುವಾಗುತ್ತದೆ. ಬಿಸಿಲು 40 ಡಿಗ್ರಿ ದಾಟಿತು ಅಂದ್ರೆ ಬೆಳಗ್ಗೆ ಎಂಟರ ಮೇಲೆ ರಸ್ತೆಯಲ್ಲಿ ಸೈಕಲ್ ಹೊಡೆಯೋದು ಕಷ್ಟ. ಜುಲೈ ಬಂದರೆ ಇದೇ ಪ್ರಶ್ನೆ ಬೆಳಗಾವಿಯಿಂದ ಬರುತ್ತದೆ, ಅಲ್ಲಿ ಮಳೆ ಬಿಡುವುದಿಲ್ಲ. ಕೇಳುವವರು ಬೇರೆ ಬೇರೆ, ಆದರೆ ಕೊನೆಯ ಮಾತು ಮಾತ್ರ ಎಲ್ಲರದ್ದೂ ಒಂದೇ: ‘ಸಪಾಟ ಇರೋದು ಹೇಳ್ರಿ.’ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿಯಾಗಿ ಬರೆದಿಡುತ್ತೇನೆ.

ಮೊದಲು ನೇರ ಉತ್ತರ. ಝ್ವಿಫ್ಟ್‌ನ ಕಾಲ್ಪನಿಕ ಲೋಕವಾದ ವಾಟೋಪಿಯಾದಲ್ಲಿ ‘ಫ್ಲಾಟ್ ರೂಟ್’ ಅಂತಲೇ ಒಂದಿದೆ, ಅದನ್ನು ಹಾಕಿ. 30 ನಿಮಿಷ ತುಳಿದು ಇಳಿಯಿರಿ. ಸುತ್ತು ಮುಗಿಯಿತಾ ಇಲ್ಲವಾ ಅಂತ ನೋಡಬೇಡಿ. ಹೆಸರಲ್ಲಿ ಫ್ಲಾಟ್ ಅಂತ ಇದ್ದರೂ ಅದು ಪೂರ್ತಿ ಸಪಾಟ ಅಲ್ಲ. 10 ಕಿಲೋಮೀಟರ್ ಸುತ್ತಿನಲ್ಲಿ 50-60 ಮೀಟರ್ ಏರು ಇದೆ. ಸಣ್ಣ ಸಣ್ಣ ಉಬ್ಬು, ಸಣ್ಣ ಸಣ್ಣ ಇಳುಕಲು. ನಾನು ಅದನ್ನು ಹೇಳುವುದೇ ಆ ಉಬ್ಬುಗಳಿಗಾಗಿ.

‘ಹಂಗಂದ್ರ ಟೆಂಪಸ್ ಫ್ಯೂಜಿಟ್ ಬ್ಯಾಡಾ? ಎಲ್ಲಾರೂ ಅದನ್ನೇ ಹೇಳ್ತಾರಲ್ಲ’ ಅನ್ನುತ್ತೀರಿ. ಹೌದು, ಎಲ್ಲರೂ ಹೇಳುತ್ತಾರೆ. ಅದು ಮರುಭೂಮಿಯ ದಾರಿ, ಸುಮಾರು 17 ಕಿಲೋಮೀಟರ್, ಏರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಳ್ಳೆಯ ರೂಟೇ. ಆದರೆ ಮೊದಲ ವಾರಕ್ಕಲ್ಲ. ‘ಸಪಾಟ ಅಂದ್ರೆ ಸುಲಭ, ಏರು ಅಂದ್ರೆ ಕಷ್ಟ’ ಅನ್ನೋ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ, ಅದನ್ನು ಕೀಳದೆ ಮುಂದಿನ ಮಾತು ಹೇಳಿ ಉಪಯೋಗವಿಲ್ಲ.

ವಿಜಯಪುರದವರೇ ಈ ಮಾತು ಹೇಳಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಆಷಾಢದಲ್ಲಿ ಸೋಲಾಪುರ ರಸ್ತೆಗೆ ಹೋಗಿದ್ದೀರಲ್ವಾ? ಎರೆ ಭೂಮಿ, ಅಡ್ಡ ಒಂದು ಗುಡ್ಡ ಇಲ್ಲ, ಕಣ್ಣು ಹಾಯುವಷ್ಟು ದೂರ ಸಪಾಟ. ಎದುರುಗಾಳಿ ಎದ್ದಿತು ಅಂದ್ರೆ ಗಂಟೆಗೆ 15 ಕಿಲೋಮೀಟರ್ ಹೋಗಲೂ ಹಲ್ಲು ಕಚ್ಚಬೇಕು. ಅದೇ ಗಾಳಿ ಬೆನ್ನಿಗೆ ಬಿದ್ದರೆ ಸೈಕಲ್ ತಾನೇ ಓಡುತ್ತದೆ. ರಸ್ತೆ ಅದೇ, ಕಾಲೂ ಅದೇ. ಕಷ್ಟ ಇರೋದು ರಸ್ತೆಯ ಆಕಾರದಲ್ಲಿ ಅಲ್ಲ, ನೀವು ಪೆಡಲ್‌ಗೆ ಹಾಕುವ ಶಕ್ತಿಯಲ್ಲಿ ಅಂತ ನಿಮಗೆ ಬೇರೆ ಯಾರಾದರೂ ಹೇಳಬೇಕಾ?

ಆ ಶಕ್ತಿಯನ್ನು ಟ್ರೇನರ್ ವ್ಯಾಟ್ ಲೆಕ್ಕದಲ್ಲಿ ತೋರಿಸುತ್ತದೆ. ಒಂದು ಲೆಕ್ಕ ನೋಡಿ. ನೀವು 75 ಕಿಲೋ, ಸೈಕಲ್ 10 ಕಿಲೋ, ತುಳಿತ 150 ವ್ಯಾಟ್ ಅಂತ ಇಟ್ಟುಕೊಳ್ಳಿ. ಸಪಾಟ ದಾರಿಯಲ್ಲಿ ಪರದೆಯ ಮೇಲೆ ಗಂಟೆಗೆ 30 ಕಿಲೋಮೀಟರ್ ಆಸುಪಾಸು ವೇಗ ಬರುತ್ತದೆ. ಶೇ 4ರ ಏರಿನಲ್ಲಿ ಅದೇ 150 ವ್ಯಾಟ್‌ಗೆ 14ಕ್ಕೆ ಇಳಿಯುತ್ತದೆ. ಶೇ 8ರಲ್ಲಿ ಏಳೂವರೆ. ಮೂರೂ ಕಡೆ ನಿಮ್ಮ ಕಾಲು, ಎದೆ, ಉಸಿರು ಮಾಡಿದ ಕೆಲಸ ಒಂದೇ. ಬದಲಾಗಿದ್ದು ಪರದೆಯ ಮೇಲಿನ ವೇಗ ಮಾತ್ರ. ಏರಿನಲ್ಲಿ ಸುಸ್ತಾಗೋದು ಯಾಕೆ ಗೊತ್ತಾ? ವೇಗ 7ಕ್ಕೆ ಬಿದ್ದದ್ದು ನೋಡಿ ಮನಸ್ಸು ತಡೆಯುವುದಿಲ್ಲ. ಗೊತ್ತಿಲ್ಲದ ಹಾಗೆ 150 ಇದ್ದದ್ದನ್ನು 220ಕ್ಕೆ ಏರಿಸಿರುತ್ತೀರಿ. ಸುಸ್ತು ಮಾಡಿದ್ದು ಆ ಹೆಚ್ಚಿನ 70 ವ್ಯಾಟ್.

ಇದೇ ತಪ್ಪು ಸಪಾಟ ದಾರಿಯಲ್ಲೂ ಆಗುತ್ತದೆ. ಅಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ವಿಜಯಪುರದ ಜಲನಗರದಲ್ಲಿ ಒಬ್ಬ ಹುಡುಗ ಇದ್ದಾನೆ, ಬ್ಯಾಂಕ್ ಕೆಲಸ. ಟ್ರೇನರ್ ತಂದು ಹತ್ತು ದಿನ ಆಗಿತ್ತು. ‘ಸರ್, ಸಪಾಟ ರೂಟ್ ಹೊಡದ್ರೂ ಕುಂಡಿ ಉರೀತದ, ಕೈ ಜೋಮು ಹಿಡೀತಾವ, ಮೊಣಕಾಲು ನೋಯ್ತದ’ ಅಂತ ಫೋನ್ ಮಾಡಿದ. ಭಾನುವಾರ ಅವನ ಮನೆಗೆ ಹೋಗಿ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಟ್ರೇನರ್ ಅಡಿಗೆ ಹಳೆಯ ಜಮಖಾನ, ಎದುರಿಗೆ ಲ್ಯಾಪ್‌ಟಾಪ್, ಪರದೆಯಲ್ಲಿ ಟೆಂಪಸ್ ಫ್ಯೂಜಿಟ್. ಹ್ಯಾಂಡಲ್ ಎಷ್ಟು ಬಿಗಿಯಾಗಿ ಹಿಡಿದಿದ್ದ ಅಂದ್ರೆ ಬೆರಳ ಗೆಣ್ಣು ಬೆಳ್ಳಗಾಗಿದ್ದವು. ಚೈನು ಮುಂದೆ ದೊಡ್ಡ ಚಕ್ರದ ಮೇಲೆ, ಹಿಂದೆ ಅತಿ ಚಿಕ್ಕದರ ಮೇಲೆ. ಅಂದ್ರೆ ಇರುವುದರಲ್ಲೇ ಅತಿ ಭಾರದ ಗೇರ್. ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ 55 ಸುತ್ತು.

34 ನಿಮಿಷದಲ್ಲಿ ಆ ಹುಡುಗ ಒಂದು ಸಲವೂ ತುಳಿಯೋದು ನಿಲ್ಲಿಸಲಿಲ್ಲ, ಒಂದು ಸಲವೂ ಸೀಟಿನಿಂದ ಎದ್ದಿರಲಿಲ್ಲ. ಏಳಲು ಕಾರಣವೇ ಇರಲಿಲ್ಲ ನೋಡಿ. ಏರು ಬಂದರೆ ಏಳುತ್ತೀರಿ, ಇಳುಕಲು ಬಂದರೆ ಕಾಲು ಬಿಡುತ್ತೀರಿ. ಸಪಾಟ ಮರುಭೂಮಿಯಲ್ಲಿ ಎರಡೂ ಇಲ್ಲ. ನಿಜವಾದ ರಸ್ತೆಯಲ್ಲಾದರೆ ಗುಂಡಿ ಬರುತ್ತದೆ, ಎಮ್ಮೆ ಅಡ್ಡ ಬರುತ್ತದೆ, ಸಿಗ್ನಲ್ ಬೀಳುತ್ತದೆ. ಮೈಗೆ ಆಗಾಗ ಬಿಡುವು ತಾನಾಗಿ ಸಿಗುತ್ತದೆ. ಟ್ರೇನರ್ ಮೇಲೆ ಸೈಕಲ್ ವಾಲುವುದೂ ಇಲ್ಲ, ಹಾಗಾಗಿ ಮೈಯ ಭಾರ ಅರ್ಧ ತಾಸು ಒಂದೇ ಜಾಗದ ಮೇಲೆ ಕೂತಿರುತ್ತದೆ. ಹೊಸಬರಿಗೆ ಮೊದಲು ಸೋಲುವುದು ಕಾಲಲ್ಲ. ಕೂರುವ ಜಾಗ, ಅಂಗೈ, ಕುತ್ತಿಗೆ.

ಐದು ಗೇರ್ ಹಗುರ ಮಾಡಿಸಿದೆ. ತುಳಿತ ನಿಮಿಷಕ್ಕೆ 80 ಸುತ್ತು ದಾಟಿತು. ವ್ಯಾಟ್ ಅಷ್ಟೇ ಇತ್ತು, ಪರದೆಯ ವೇಗವೂ ಅಷ್ಟೇ ಇತ್ತು. ‘ಹಗುರಾತ್ರಿ ಸರ್’ ಅಂದ, ಮುಖ ಸಡಿಲವಾಯಿತು. ಮರುದಿನ ಫ್ಲಾಟ್ ರೂಟ್ ಹಾಕಿಸಿ ಒಂದೇ ನಿಯಮ ಹೇಳಿದೆ: ಪ್ರತಿ ಉಬ್ಬಿನಲ್ಲಿ 15 ಸೆಕೆಂಡ್ ಎದ್ದು ನಿಂತು ತುಳಿ, ಪ್ರತಿ ಇಳುಕಲಿನಲ್ಲಿ 10 ಸೆಕೆಂಡ್ ಕಾಲು ಬಿಟ್ಟು ಕೈ ಝಾಡಿಸು. ಮೂರನೇ ದಿನಕ್ಕೆ ಜೋಮು ಹೋಯಿತು. ವಾರದೊಳಗೆ ಮೊಣಕಾಲು ಸರಿಹೋಯಿತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ನಮ್ಮ ವಿಜಯಪುರದ ಸೈಕ್ಲಿಂಗ್ ಹಾಸ್ಟೆಲ್ ಮಕ್ಕಳನ್ನು ಬೆಳಗಿನ ಜಾವ ರಸ್ತೆಯಲ್ಲಿ ನೋಡಿದ್ದೀರಲ್ಲ, ಅವರ ಕಾಲು ನೋಡಿ. ಹಗುರ ಗೇರ್, ಚುರುಕು ತುಳಿತ. ಭಾರದ ಗೇರ್ ಹಾಕಿ ಗುದ್ದಾಡುವ ಒಂದು ಮಗುವೂ ಅಲ್ಲಿ ಕಾಣುವುದಿಲ್ಲ.

ಹಾಗಾದರೆ ಏರಿಗೆ ಹೆದರುವ ಕಾರಣವೇ ಇಲ್ಲವಾ? ಇದೆ, ಒಂದೇ ಒಂದು. ಗೇರ್ ಸಾಲದೆ ಹೋಗುವುದು. ಮೇಲಿನ ಲೆಕ್ಕದಲ್ಲೇ ಶೇ 8ರ ಏರು ತಗೊಳ್ಳಿ. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಗೇರ್ ಇದ್ದರೆ 150 ವ್ಯಾಟ್‌ನಲ್ಲಿ ನಿಮಿಷಕ್ಕೆ 50 ಸುತ್ತೂ ಬರುವುದಿಲ್ಲ. ಮೊಣಕಾಲು ಮುರಿಯುವ ತುಳಿತ ಅದು. ಯಳ್ಳೂರಿನ ರಾಜಹಂಸಗಡ ಹತ್ತಿದ ಬೆಳಗಾವಿಯವರಿಗೂ, ಬಾದಾಮಿಯಿಂದ ಮಹಾಕೂಟದ ಕಡೆಗೆ ಗುಡ್ಡ ದಾಟಿದ ಬಾಗಲಕೋಟೆಯವರಿಗೂ ಅದರ ಅನುಭವ ಇದೆ.

ಅದಕ್ಕೇ ಝ್ವಿಫ್ಟ್‌ನಲ್ಲಿ ‘ಟ್ರೇನರ್ ಡಿಫಿಕಲ್ಟಿ’ ಅನ್ನೋ ಸೆಟ್ಟಿಂಗ್ ಇದೆ. ಮೊದಲೇ ಅರ್ಧಕ್ಕೆ ಇಟ್ಟಿರುತ್ತಾರೆ. ಅಂದ್ರೆ ಪರದೆಯಲ್ಲಿ ಶೇ 8 ಇದ್ದರೂ ಕಾಲಿಗೆ ಶೇ 4ರ ಹಾಗೆ ಅನಿಸುತ್ತದೆ. ಅದೇ 34-28 ಗೇರ್‌ನಲ್ಲಿ ತುಳಿತ 90ರ ಹತ್ತಿರ ಬರುತ್ತದೆ. ‘ಅದು ಮೋಸ ಅಲ್ಲೇನ್ರಿ?’ ಅಂತ ಕೇಳುತ್ತಾರೆ. ಅಲ್ಲ. ಪರದೆಯ ವೇಗವನ್ನು ಅದು ಶೇ 8 ಅಂತಲೇ ಲೆಕ್ಕ ಹಾಕುತ್ತದೆ. ಗುಡ್ಡ ಹತ್ತಲು ಬೇಕಾದ ವ್ಯಾಟ್ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ನಿಮಗೆ ಸಿಕ್ಕಿದ್ದು ಹಗುರ ಗೇರ್ ಮಾತ್ರ. ಹೊಸಬರು ಅದನ್ನು ಅರ್ಧದಲ್ಲೇ ಬಿಡಿ. ಮೊಣಕಾಲು ನೋವಿದ್ದರೆ ಇನ್ನೂ ಇಳಿಸಿ.

ಇನ್ನು ರೂಟ್ ಆರಿಸುವ ರೀತಿ. ಒಟ್ಟು ಏರಿನ ಮೀಟರ್ ತಗೊಂಡು ಕಿಲೋಮೀಟರ್‌ನಿಂದ ಭಾಗಿಸಿ. ಕಿಲೋಮೀಟರಿಗೆ 5ರಿಂದ 8 ಮೀಟರ್ ಬಂದರೆ ಮೊದಲ ತಿಂಗಳಿಗೆ ಹೇಳಿ ಮಾಡಿಸಿದ ದಾರಿ. ಆದರೆ ಈ ಲೆಕ್ಕ ಒಂದನ್ನೇ ನಂಬಬೇಡಿ, ಆ ಏರು ಹೇಗೆ ಹಂಚಿಕೊಂಡಿದೆ ಅನ್ನೋದು ಮುಖ್ಯ. ವಾಟೋಪಿಯಾದ ‘ಹಿಲ್ಲಿ ರೂಟ್’ ಸುಮಾರು 9 ಕಿಲೋಮೀಟರ್‌ಗೆ 105 ಮೀಟರ್. ಕಾಗದದ ಮೇಲೆ ಕಿಲೋಮೀಟರಿಗೆ ಹನ್ನೆರಡು ಮೀಟರೂ ಇಲ್ಲ, ಸೌಮ್ಯವಾಗಿ ಕಾಣುತ್ತದೆ. ಅದರಲ್ಲಿ ಅರ್ಧದ ಹತ್ತಿರ ಒಂದೇ ಗುಡ್ಡದಲ್ಲಿ, ಒಂದು ಕಿಲೋಮೀಟರ್‌ಗೂ ಕಡಿಮೆ ದೂರದಲ್ಲಿ ಇದೆ. ಮೂರನೇ ನಾಲ್ಕನೇ ವಾರಕ್ಕೆ ಅದು ಚೆನ್ನಾಗಿರುತ್ತದೆ. ಕಾಡಿನ ಮಣ್ಣಿನ ದಾರಿ ಇರುವ ರೂಟ್‌ಗಳನ್ನು ಸದ್ಯಕ್ಕೆ ಬಿಡಿ. ಅಲ್ಲಿ ಏರು ಇಲ್ಲದಿದ್ದರೂ ರೋಡ್ ಸೈಕಲ್‌ನ ವೇಗ ಬೀಳುತ್ತದೆ, ಯಾಕೆ ಬಿತ್ತು ಅಂತ ಗಾಬರಿಯಾಗುತ್ತೀರಿ.

ಸುತ್ತಿ ಅದೇ ಜಾಗಕ್ಕೆ ಬರುವ ದಾರಿಯೇ ಇರಲಿ. ಗುಡ್ಡದ ತುದಿಗೆ ಮುಗಿಯುವ ರೂಟ್ ಹಾಕಿದರೆ ಬಿಡಲು ಮನಸ್ಸಾಗುವುದಿಲ್ಲ. ಆಲ್ಪ್ ಡು ಝ್ವಿಫ್ಟ್ ಫೋಟೊ ಕಳಿಸಿ ‘ಇದನ್ನು ಹೊಡೀಬೇಕು ಸರ್’ ಅನ್ನುವವರೂ ಇದ್ದಾರೆ. ಫ್ರಾನ್ಸ್‌ನ ಆಲ್ಪ್ ದ್ಯುಯೆಜ್ ನೋಡಿ ಮಾಡಿದ ಏರು ಅದು, 21 ತಿರುವು, 12.2 ಕಿಲೋಮೀಟರ್, 1036 ಮೀಟರ್. ನಮ್ಮ 150 ವ್ಯಾಟ್ ಲೆಕ್ಕದಲ್ಲಿ ಒಂದೂಮುಕ್ಕಾಲು ತಾಸಿನ ಹತ್ತಿರ, ನಡುವೆ ಬಿಡುವಿಲ್ಲ. ಮೂರು ತಿಂಗಳು ತಡೆಯಿರಿ, ಖಂಡಿತ ಹತ್ತುತ್ತೀರಿ.

ವರ್ಕೌಟ್ ಹಾಕಿ ಟ್ರೇನರ್ ಅನ್ನು ಇಆರ್‌ಜಿ ಮೋಡ್‌ನಲ್ಲಿ ಬಿಟ್ಟರೆ ರೂಟ್ ಯಾವುದಾದರೂ ಒಂದೇ. ಹೇಳಿದಷ್ಟು ವ್ಯಾಟ್ ಅನ್ನು ಯಂತ್ರವೇ ಹಿಡಿದಿಡುತ್ತದೆ. ಕಣ್ಣಿಗೆ ಚೆಂದ ಕಂಡದ್ದು ಹಾಕಿ. ಸ್ಮಾರ್ಟ್ ಅಲ್ಲದ, ಬರೀ ಸೆನ್ಸರ್ ಕಟ್ಟಿದ ಟ್ರೇನರ್ ಇರುವವರಿಗೂ ಇದೇ ಮಾತು. ನಿಮ್ಮ ಚಕ್ರಕ್ಕೆ ಪರದೆಯ ಗುಡ್ಡ ಗೊತ್ತೇ ಆಗುವುದಿಲ್ಲ. ದುಡ್ಡು ಕೊಡಲು ಇಷ್ಟವಿಲ್ಲದಿದ್ದರೆ ಝ್ವಿಫ್ಟ್‌ನಂಥದೇ ಆ್ಯಪ್ ಮೈವೂಶ್ ಉಚಿತವಾಗಿ ಸಿಗುತ್ತದೆ, ನಿಜವಾದ ರಸ್ತೆಯ ವಿಡಿಯೊ ಬೇಕಿದ್ದರೆ ರೂವಿ. ಮೇಲಿನ ಭಾಗಾಕಾರ ಎಲ್ಲ ಕಡೆಯೂ ನಡೆಯುತ್ತದೆ.

ಇಷ್ಟು ಬರೆದ ಮೇಲೆ ಒಂದು ಪ್ರಶ್ನೆ ನಾನೇ ಕೇಳುತ್ತೇನೆ, ಯಾಕಂದ್ರೆ ಇದನ್ನು ಯಾರೂ ಕೇಳುವುದಿಲ್ಲ. ಫ್ಯಾನ್ ಎಲ್ಲಿಟ್ಟಿದ್ದೀರಿ?

‘ಸರ್, ರೂಟ್ ಭಾಳ ಕಠಿಣ ಆತು’ ಅಂತ ಹೇಳುವವರ ಕೋಣೆಗೆ ಹೋಗಿ ನೋಡಿದರೆ ಎಷ್ಟೋ ಸಲ ಕಾರಣ ರೂಟ್ ಅಲ್ಲ, ಸೆಕೆ. ನಾವು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್‌ಗೆ ಹೋಗುವುದು ನಾಲ್ಕನೇ ಒಂದು ಭಾಗವೂ ಇಲ್ಲ. ಉಳಿದದ್ದೆಲ್ಲ ಶಾಖ. 150 ವ್ಯಾಟ್ ತುಳಿದರೆ ಮೈಯಿಂದ 500 ವ್ಯಾಟ್‌ನಷ್ಟು ಶಾಖ ಹೊರಡುತ್ತದೆ. ರಸ್ತೆಯಲ್ಲಿ 30ರ ವೇಗದ ಗಾಳಿ ಅದನ್ನು ಒಯ್ಯುತ್ತದೆ. ಕೋಣೆಯಲ್ಲಿ ಒಯ್ಯುವವರು ಯಾರು? ತಲೆಯ ಮೇಲಿನ ಸೀಲಿಂಗ್ ಫ್ಯಾನ್ ಸಾಲುವುದಿಲ್ಲ, ಬೆನ್ನಿಗೆ ಮಾತ್ರ ತಾಗುತ್ತದೆ. ಟೇಬಲ್ ಫ್ಯಾನ್ ಅನ್ನು ಹ್ಯಾಂಡಲ್ ಎದುರಿಗೆ ಸ್ಟೂಲಿನ ಮೇಲಿಟ್ಟು ಎದೆಗೆ ಬಡಿಯುವ ಹಾಗೆ ಬಿಡಿ. ಗಾಳಿ ಇಲ್ಲದಿದ್ದರೆ ಅದೇ ವ್ಯಾಟ್‌ಗೆ ಎದೆಬಡಿತ ಏರುತ್ತಲೇ ಹೋಗುತ್ತದೆ, 20ನೇ ನಿಮಿಷಕ್ಕೆ ಸಪಾಟ ದಾರಿಯೂ ಘಾಟಿಯಾಗುತ್ತದೆ.

ನಮ್ಮ ಮೂರು ಊರಿಗೂ ಒಂದೇ ಲೆಕ್ಕ ಇಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಗಾಳಿ ಹಸಿ, ಬೆವರು ಆರುವುದಿಲ್ಲ, ನೆಲಕ್ಕೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈ ತಣಿಸುವುದಿಲ್ಲ, ಹಾಗಾಗಿ ಅಲ್ಲಿ ಕಿಟಕಿ ತೆರೆದು ಎರಡು ಫ್ಯಾನ್ ಇಡಿ. ವಿಜಯಪುರ, ಬಾಗಲಕೋಟೆಯ ಬೇಸಿಗೆ ಇದಕ್ಕೆ ಉಲ್ಟಾ. ಒಣ ಗಾಳಿಗೆ ಬೆವರು ಬಂದಿದ್ದೇ ಗೊತ್ತಾಗದ ಹಾಗೆ ಆರುತ್ತದೆ. ‘ನಾನೇನು ಜಾಸ್ತಿ ಬೆವರಲಿಲ್ಲ’ ಅಂತ ನೀರು ಕುಡಿಯದೆ ಇಳಿಯುತ್ತೀರಿ, ಸಂಜೆ ತಲೆನೋವು. ತುಳಿಯುವ ಮೊದಲೊಮ್ಮೆ, ಇಳಿದು ಮೈ ಒರೆಸಿಕೊಂಡ ಮೇಲೊಮ್ಮೆ ತೂಕ ನೋಡಿ. ಅರ್ಧ ಕಿಲೋ ಇಳಿದಿದ್ದರೆ ಅದು ಕೊಬ್ಬು ಕರಗಿದ್ದಲ್ಲ, ಅರ್ಧ ಲೀಟರ್ ನೀರು ಹೋಗಿದೆ. ಚಿಟಿಕೆ ಉಪ್ಪು ಹಾಕಿದ ನಿಂಬೆ ಪಾನಕವನ್ನೋ ಮಜ್ಜಿಗೆಯನ್ನೋ ಕುಡಿದು ತುಂಬಿಸಿಕೊಳ್ಳಿ.

ಏಪ್ರಿಲ್-ಮೇ ಮಧ್ಯಾಹ್ನ ಮಾತ್ರ ಯಾವ ರೂಟೂ ಬೇಡ. ಕೋಣೆಯೇ 38-40 ಇರುವಾಗ ಫ್ಯಾನ್ ಬಿಸಿ ಗಾಳಿಯನ್ನೇ ಮುಖಕ್ಕೆ ಎರಚುತ್ತದೆ. ಬೆಳಗ್ಗೆ ಐದೂವರೆಗೆ ಹತ್ತಿ, ಆರಕ್ಕೆ ಇಳಿಯಿರಿ. ನಡುವೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಬಹಳಷ್ಟು ಟ್ರೇನರ್‌ಗಳ ಬಿಗಿಯೂ ಸಡಿಲಾಗುತ್ತದೆ. ಐದು ನಿಮಿಷ ಕಾಯಿರಿ. ಬರಲಿಲ್ಲ ಅಂದ್ರೆ ಸವಾರಿ ಸೇವ್ ಮಾಡಿ, ಬಾಗಿಲು ತೆರೆದು ಹೊರಗೆ ಕಟ್ಟೆಯ ಮೇಲೆ ಕೂತು ನೀರು ಕುಡಿಯಿರಿ.