ಗರ್ಭಿಣಿಯ ಬಿಪಿ ಏರುವುದೇಕೆ? ಉತ್ತರ ಹುಡುಕಿದ ದಾರಿ

ಗರ್ಭಿಣಿಯ ಬಿಪಿ 140/90 ದಾಟಿತು ಅಂದರೆ ಸಾಕು, ಉಪ್ಪು ಜಾಸ್ತಿ ತಿಂದೆಯಾ, ಟೆನ್ಷನ್ ಮಾಡ್ಕೊಂಡೆಯಾ ಅಂತ ಅವಳನ್ನೇ ಕೇಳುತ್ತಾರೆ. ಈ ಪ್ರಶ್ನೆಗಳು ಸುಮ್ನೆ ಹುಟ್ಟಿದ್ದಲ್ಲ. ಇವುಗಳ ಹಿಂದೆ ಪ್ರೀ-ಎಕ್ಲಾಂಪ್ಸಿಯಾ ಎಂಬ ಕಾಯಿಲೆಯ ಹಳೇ ಕಥೆಯಿದೆ. ಇದರಲ್ಲಿ ಬಸುರಿಯ ಬಿಪಿ ಏರುತ್ತದೆ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ.

ಫಿಟ್ಸ್ ಬಂದ ಗರ್ಭಿಣಿಯರ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ ಎಂದು 1843ರಲ್ಲಿ ಲಂಡನ್ನಿನ ವೈದ್ಯ ಜಾನ್ ಲಿವರ್ ತೋರಿಸಿದರು. ರಕ್ತಕ್ಕೆ ಏನೋ ವಿಷ ಸೇರಿದೆ ಎಂದುಕೊಂಡು ಕಾಯಿಲೆಗೆ 'ಟಾಕ್ಸೀಮಿಯಾ' ಎಂಬ ಹೆಸರು ಬಿತ್ತು. ಆ ವಿಷ ಯಾರಿಗೂ ಸಿಗಲಿಲ್ಲ. ಆದರೂ ದಶಕಗಳ ಕಾಲ ಗರ್ಭಿಣಿಯರಿಗೆ ಉಪ್ಪು ಬಿಡಿಸಿದರು, ಊಟ ಕಡಿಮೆ ಮಾಡಿಸಿದರು, ಮೂತ್ರ ಹೋಗುವ ಮಾತ್ರೆ ಕೊಟ್ಟರು. ಕಾಯಿಲೆ ಮಾತ್ರ ತಪ್ಪಲಿಲ್ಲ.

ಒಂದು ಸುಳಿವು ಕಣ್ಣೆದುರಿಗೇ ಇತ್ತು. ಮೋಲಾರ್ ಗರ್ಭದಲ್ಲಿ ಮಗುವೇ ಬೆಳೆಯದೆ ಮಾಸಿನ (ಪ್ಲಾಸೆಂಟಾ) ಅಂಶವಷ್ಟೇ ಬೆಳೆಯಬಹುದು. ಅಲ್ಲೂ ಈ ಕಾಯಿಲೆ ಬರುತ್ತದೆ. ಅಂದಮೇಲೆ ನೋಡಬೇಕಾದದ್ದು ಮಾಸನ್ನು, ಅಲ್ವಾ?

1970ರ ದಶಕದಲ್ಲಿ ಆ ಕೆಲಸ ಗಟ್ಟಿಯಾಗಿ ನಡೆಯಿತು. ಸಾಮಾನ್ಯವಾಗಿ ಮಾಸಿನ ಜೀವಕೋಶಗಳು ಗರ್ಭಕೋಶದ ಸುರುಳಿ ರಕ್ತನಾಳಗಳ ಒಳಗೆ ಇಳಿಯುತ್ತವೆ. ಅವುಗಳ ಬಿಗಿ ಗೋಡೆಯನ್ನು ಸಡಿಲ ಮಾಡಿ ಅಗಲಿಸುತ್ತವೆ. ಆಗ ರಕ್ತ ನಿಧಾನವಾಗಿ, ಧಾರಾಳವಾಗಿ ಹರಿಯುತ್ತದೆ. ಪ್ರೀ-ಎಕ್ಲಾಂಪ್ಸಿಯಾ ಆದ ಎಷ್ಟೋ ಗರ್ಭಿಣಿಯರಲ್ಲಿ ಈ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ನಾಳ ಕಿರಿದಾಗಿಯೇ ಉಳಿದು ಮಾಸು ಬಳಲುತ್ತದೆ.

ಬಳಲಿದ ಮಾಸಿಗೂ ತಾಯಿಯ ಬಿಪಿಗೂ ಏನು ನಂಟು? 2003ರಲ್ಲಿ ಅಮೆರಿಕದ ಕಿಡ್ನಿ ತಜ್ಞ ಅನಂತ್ ಕರುಮಂಚಿ ಅವರ ತಂಡ ಒಂದು ಕೊಂಡಿ ಹಿಡಿಯಿತು. ಅಂಥ ಮಾಸು 'ಎಸ್‌ಫ್ಲಿಟ್-1' ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆ. ರಕ್ತನಾಳದ ಒಳಪದರವನ್ನು ಕಾಪಾಡುವ ಅಂಶಗಳನ್ನು ಅದು ಕಟ್ಟಿಹಾಕುತ್ತದೆ. ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಕಿಡ್ನಿಯಿಂದ ಪ್ರೋಟೀನ್ ಸೋರುತ್ತದೆ. ಇಲಿಗಳಿಗೆ ಇದನ್ನು ಕೊಟ್ಟಾಗಲೂ ಹಾಗೇ ಆಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೊದಲ ಬಸುರು, ಅವಳಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಮೊದಲೇ ಇದ್ದ ಬಿಪಿ, ಜಾಸ್ತಿ ತೂಕ, ತಾಯಿಗೋ ಅಕ್ಕನಿಗೋ ಹೀಗೇ ಆಗಿರುವುದು, ಎಲ್ಲವೂ ಅಪಾಯ ಹೆಚ್ಚಿಸುತ್ತವೆ. ತಂದೆಯ ಕಡೆಯ ಜೀನ್‌ಗಳೂ ಇರುವ ಮಾಸನ್ನು ತಾಯಿಯ ರೋಗನಿರೋಧಕ ವ್ಯವಸ್ಥೆ ಹೇಗೆ ಒಪ್ಪಿಕೊಳ್ಳುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಷ್ಟೆಲ್ಲ ಎಳೆಗಳಿರುವಾಗ ಹೆಂಗಸಿನ ತಟ್ಟೆಯನ್ನೇ ತಪಾಸಣೆ ಮಾಡುವುದು ಅನ್ಯಾಯ.

2017ರ ದೊಡ್ಡ ಪ್ರಯೋಗವೊಂದು ಇನ್ನೂ ಒಂದು ವಿಷಯ ಹೇಳಿತು. ಅಪಾಯ ಹೆಚ್ಚಿದ್ದವರಿಗೆ ಮೊದಲ ತಿಂಗಳುಗಳಿಂದಲೇ ಕೊಟ್ಟ 150 ಮಿಲಿಗ್ರಾಂ ಆಸ್ಪಿರಿನ್, 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾದಂಥ ಪ್ರೀ-ಎಕ್ಲಾಂಪ್ಸಿಯಾವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ದಿನ ತುಂಬಿದ ಮೇಲೆ ಬರುವುದನ್ನು ಅಷ್ಟಾಗಿ ತಗ್ಗಿಸಲಿಲ್ಲ. ಒಂದೇ ಹೆಸರಿನಡಿ ಬೇರೆಬೇರೆ ಕಾಯಿಲೆಗಳಿರಬಹುದು ಎಂಬ ಅನುಮಾನ ಇದರಿಂದ ಬಲವಾಯಿತು. ತಡವಾಗಿ ಬರುವ ಬಗೆಯಲ್ಲಿ ತಾಯಿಯ ಹೃದಯ, ರಕ್ತನಾಳಗಳ ಪಾಲು ಎಷ್ಟು ಎಂಬುದೇ ಈಗಿನ ಹುಡುಕಾಟ.